ಹಣೆಗೆ ಸ್ವಾಬ್

ಕೊರೋನದ ಕಥೆ ಹೇಳುವವರಿಗೂ ಕೇಳುವವರಿಗೂ ಈಗ ಸಾಕಾಗಿದೆ. ಸಿಟಿ ಬಸ್ಸಿನಲ್ಲಿ ನಾನು ಕೆಮ್ಮಿದರೆ ಪಕ್ಕದವರು ತಲೆ ಎತ್ತಿ ನೋಡುವುದೂ ಇಲ್ಲ. ನನಗೂ ಬರೆಯುವ ಮನಸ್ಸಿರಲಿಲ್ಲ. ಆದರೆ ಮೊನ್ನೆ ಶಕ್ತಿನಗರದಲ್ಲಿ ಪರಿಚಯದವರ ಮನೆಗೆ ಹೋಗಿದ್ದಾಗ ಆ ಮನೆಯ ಸೊಸೆ ಚಾ ಕೊಡುತ್ತ, "ನಮ್ಮ ಅಪ್ಪನಿಗೆ ಕಡೇ ಹೊತ್ತಿಗೆ ಪಾದ್ರಿ ಸಿಗ್ಲೇ ಇಲ್ಲ ಟೀಚರ್. ಅದೊಂದು ನನ್ನ ಮನಸ್ಸಿಂದ ಹೋಗುದಿಲ್ಲ" ಎಂದು ಕಣ್ಣೀರು ಹಾಕಿದಳು. ನನ್ನ ಅಮ್ಮನ ಕಥೆ ಹೇಳಿದೆ. ಅವಳು ಅಳುವುದು ಬಿಟ್ಟು ನಕ್ಕಳು, ಮತ್ತೆ ಇನ್ನೂ ಜೋರಾಗಿ ಅತ್ತಳು. "ಇದನ್ನು ಬರೀರಿ" ಎಂದಳು. ಸರಿ, ಬರೆಯುತ್ತಿದ್ದೇನೆ.

ನಾನು ಲೀನಾ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಕೊಂಕಣಿ ಮನೆಮಾತಿನವಳು ಕನ್ನಡ ಟೀಚರ್ ಆದದ್ದು ಹೇಗೆ ಎಂದು ಕೇಳಬೇಡಿ, ಮಂಗಳೂರಿನಲ್ಲಿ ಇದೆಲ್ಲ ಮಾಮೂಲಿ. ಮದುವೆಯಾಗಲಿಲ್ಲ. ಉರ್ವದ ಮನೆಯಲ್ಲಿ ನಾನು ಮತ್ತು ನನ್ನ ಅಮ್ಮ, ಇಬ್ಬರೇ ಇದ್ದದ್ದು. ತಮ್ಮ ಕುವೈತಿನಲ್ಲಿದ್ದಾನೆ. ಅಮ್ಮನನ್ನು ನಾವು ಮಾಂಯ್ ಎನ್ನುತ್ತೇವೆ. ಅವಳು ನನ್ನ ಹತ್ತಿರ ಆಡಿದ್ದೆಲ್ಲ ಕೊಂಕಣಿ ಎಂದು ತಿಳಿದುಕೊಳ್ಳಿ. ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಅದಕ್ಕೆ ಅವಳೇ ನನ್ನನ್ನು ಬೈಯುತ್ತಿದ್ದಳು.

ಮಾಂಯ್ ನಮ್ಮ ಇಗರ್ಜಿಯ ಪೀಠದ ಬಟ್ಟೆಗಳನ್ನು ಒಗೆದು ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಇಗರ್ಜಿ ಎಂದರೆ ಚರ್ಚು. ಪೂಜೆಯ ಪಾತ್ರೆ ಒರೆಸಿದ ಬಟ್ಟೆಯ ಮೊದಲ ನೀರನ್ನು ಮೋರಿಗೆ ಬಿಡಬಾರದು, ಗಿಡದ ಬುಡಕ್ಕೇ ಹೊಯ್ಯಬೇಕು. ಅವಳು ಅದನ್ನು ಅಂಗಳದ ಕರಿಬೇವಿಗೆ ಹಾಕುತ್ತಿದ್ದಳು. ಆ ಗಿಡದ ಎಲೆ ಹಾಕಿದ ಸಾರಿನ ಮುಂದೆ ನಾನು ಗೊಣಗಿದರೆ, "ಪವಿತ್ರ ಕರಿಬೇವು ಅದು, ಬಾಯಿ ಮುಚ್ಚಿ ತಿನ್ನು" ಎನ್ನುತ್ತಿದ್ದಳು. ಪವಿತ್ರವಾದದ್ದು ಯಾವುದು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂಬುದರಲ್ಲಿ ಅವಳಷ್ಟು ಕಟ್ಟುನಿಟ್ಟು ನಮ್ಮ ಪಾದ್ರಿಗಳೂ ಇರಲಿಲ್ಲ.

ಅಪ್ಪ ತೀರಿಕೊಂಡದ್ದು ಮನೆಯಲ್ಲೇ. ಆಗ ಮಾಂಯ್ ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆ, ಎರಡು ಮೇಣದ ಬತ್ತಿ, ಕೈ ಒರೆಸುವ ಬೈರಾಸು, ಬೆರಳಿನ ಎಣ್ಣೆ ತೆಗೆಯಲು ಕತ್ತರಿಸಿದ ಲಿಂಬೆ, ಉಪ್ಪು, ಹತ್ತಿ ಎಲ್ಲ ಇಟ್ಟು ಪಾದ್ರಿಯನ್ನು ಕಾದದ್ದು ನನಗೆ ಚೆನ್ನಾಗಿ ನೆನಪಿದೆ. ಪಾದ್ರಿ ಅಪ್ಪನ ಹಣೆಗೆ, ಅಂಗೈಗಳಿಗೆ ಕಡೇ ಹೊತ್ತಿನ ಪವಿತ್ರ ಎಣ್ಣೆ ಹಚ್ಚಿ ಹತ್ತಿಯಲ್ಲಿ ಬೆರಳು ಒರೆಸಿಕೊಂಡರು. ನಾನು ಆ ಹತ್ತಿಯನ್ನು ಎತ್ತಿ ಕಸದ ಬುಟ್ಟಿಗೆ ಹಾಕಹೊರಟಿದ್ದೆ. ಮಾಂಯ್ ನನ್ನ ಕೈಗೆ ಹೊಡೆದಳು. "ಎಣ್ಣೆ ತಾಗಿದ ಹತ್ತಿ ಕಸಕ್ಕೆ ಹಾಕ್ತಾರಾ? ಬುದ್ಧಿ ಉಂಟಾ ನಿನಗೆ?" ಎಂದು ಅದನ್ನು ಒಲೆಗೆ ತೆಗೆದುಕೊಂಡು ಹೋಗಿ ಸುಟ್ಟಳು. ಗಂಡ ಸಾಯುತ್ತಿದ್ದಾಗಲೂ ಅವಳು ಅದನ್ನು ಮರೆಯಲಿಲ್ಲ. ನಮ್ಮಲ್ಲಿ ಅನೇಕರಿಗೆ ಈ ಎಣ್ಣೆಯೆಂದರೆ ಹೆದರಿಕೆ, ಪಾದ್ರಿ ಬಂದರೆಂದರೆ ಮುಗಿಯಿತು ಎಂದು ಲೆಕ್ಕ. ಮಾಂಯ್‌ಗೆ ಎಣ್ಣೆಯ ಹೆದರಿಕೆ ಇರಲಿಲ್ಲ. ಅದು ಸಿಗದೆ ಹೋದರೆ ಎಂತ ಮಾಡುವುದು ಎಂಬ ಹೆದರಿಕೆ ಮಾತ್ರ ಇತ್ತು.

ಮೊದಲ ಲಾಕ್‌ಡೌನಿನಲ್ಲಿ ಇಗರ್ಜಿಯ ಗೇಟಿಗೆ ಬೀಗ ಬಿತ್ತು. ಆದಿತ್ಯವಾರ ಮೊಬೈಲಿನಲ್ಲಿ ಪೂಜೆ. ಮಾಂಯ್ ಒಳ್ಳೆಯ ಸೀರೆ ಉಟ್ಟು, ತಲೆಗೆ ವೇಲು ಹಾಕಿ, ಸಕ್ಕರೆ ಡಬ್ಬಿಗೆ ಮೊಬೈಲ್ ಒರಗಿಸಿ ಕೂರುತ್ತಿದ್ದಳು. ನಿಲ್ಲುವಲ್ಲಿ ನಿಲ್ಲುತ್ತಿದ್ದಳು, ಮೊಣಕಾಲೂರುವಲ್ಲಿ ಊರುತ್ತಿದ್ದಳು. ನಾನು ನೈಟಿಯಲ್ಲಿ ಬಂದು ಕೂತರೆ "ಎದ್ದು ಹೋಗು" ಎನ್ನುತ್ತಿದ್ದಳು. ನಾಲಿಗೆಯ ಮೇಲೆ ರೊಟ್ಟಿ ಇಡುವ ಪರಮಪ್ರಸಾದದ ಹೊತ್ತಿಗೆ ಪಾದ್ರಿ, ಮನಸ್ಸಿನಲ್ಲೇ ಸ್ವೀಕರಿಸಿ ಎನ್ನುತ್ತಿದ್ದರು. ಒಮ್ಮೆ ಮಾಂಯ್ ಅಭ್ಯಾಸಬಲದಿಂದ ನಾಲಿಗೆ ಹೊರಗೆ ಚಾಚಿ, ನಾನು ನೋಡಿದೆನೆಂದು ಗೊತ್ತಾಗಿ ಒಳಗೆ ಎಳೆದುಕೊಂಡಳು.

"ಟಿವಿಯಲ್ಲಿ ಅಡುಗೆ ಮಾಡಿ ತೋರಿಸ್ತಾರಲ್ಲ, ಅದನ್ನು ನೋಡಿ ಹೊಟ್ಟೆ ತುಂಬ್ತದಾ?" ಎಂದು ಸಿಟ್ಟು ಮಾಡಿದಳು.

"ಪಾದ್ರಿಗಳೇ ಸಾಕು ಹೇಳಿದ್ದಾರೆ ಮಾಂಯ್."

"ಅವರಿಗೆ ಸಾಕು. ಅವರು ಅಲ್ಲಿ ತಿಂತಾರಲ್ಲ!"

ನಾನು ನಗುತ್ತಿದ್ದೆ. ಆಗ ನಗಲಿಕ್ಕೆ ಶ್ವಾಸ ಇತ್ತು.

ನಮಗೆ ಬಂದದ್ದು ಎರಡನೇ ಅಲೆಯಲ್ಲಿ. ಎಲ್ಲಿಂದ ಬಂತು, ಯಾರಿಂದ ಬಂತು ಎಂದು ಆಗ ಎಲ್ಲರೂ ಕೇಳುತ್ತಿದ್ದರು, ಗೊತ್ತಾದರೆ ವಾಪಸು ಕೊಟ್ಟು ಬರಬಹುದು ಎನ್ನುವ ಹಾಗೆ. ಈಸ್ಟರಿಗೆ ಇಗರ್ಜಿ ತೆರೆದಿತ್ತು, ಮಾಂಯ್ ಹೋಗಿದ್ದಳು. ನಾನು ಶಾಲೆಗೆ, ಉರ್ವದ ಮಾರ್ಕೆಟಿಗೆ ಹೋಗುತ್ತಿದ್ದೆ. ಮೊದಲು ಜ್ವರ ಬಂದದ್ದು ನನಗೆ. ಕಷಾಯ ಮಾಡಿ ಬಾಗಿಲಲ್ಲಿ ಇಡು ಎಂದರೆ ಮಾಂಯ್ ಕೇಳದೆ ಒಳಗೆ ಬಂದು ಹಣೆ ಮುಟ್ಟಿ ನೋಡುತ್ತಿದ್ದಳು. ಮತ್ತೆ ಅವಳೂ ಮಲಗಿದಳು. ಸಾರಿನಲ್ಲಿ ಉಪ್ಪುಂಟಾ ಇಲ್ಲವಾ ಎಂದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಇಬ್ಬರೂ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಆಕ್ಸಿಜನ್ನಿನ ನಂಬರು ನೋಡುವುದೇ ಕೆಲಸ. ಅವಳದು ಇಳಿದಾಗ ನಾನು ಬೆರಳು ಬದಲಿಸಿ ನೋಡಿದೆ, ಕೈ ಉಜ್ಜಿ ನೋಡಿದೆ. ಕ್ಲಿಪ್ಪು ಹಾಳಾಗಿದೆ ಎಂದೂ ಹೇಳಿದೆ. ನನಗೆ ಹಾಕಿದರೆ ನನ್ನದೂ ಇಳಿದಿತ್ತು.

ಬೆಡ್ ಹುಡುಕಿ ಕೊಟ್ಟದ್ದು ಪಕ್ಕದ ಮನೆಯ ಶಕುಂತಲಕ್ಕ. ಅವರ ಗಂಡನಿಗೆ ಕುದ್ರೋಳಿಯಲ್ಲಿ ಪಾತ್ರೆ ಅಂಗಡಿ, ಊರಿಡೀ ಗುರುತು. ಆಂಬುಲೆನ್ಸ್ ಬರುವಾಗ ಬೀದಿಯ ಕಿಟಕಿಗಳೆಲ್ಲ ಮುಚ್ಚಿದವು, ಶಕುಂತಲಕ್ಕ ಮಾತ್ರ ಎರಡು ಮಾಸ್ಕು ಹಾಕಿ ಗೇಟಿನಲ್ಲಿ ನಿಂತಿದ್ದರು. "ಬಾಯಮ್ಮ, ಹೆದರ್ಬೇಡಿ. ನಿಮ್ಮ ಕರಿಬೇವಿಗೆ ನಾನು ನೀರು ಹಾಕ್ತೇನೆ" ಎಂದರು. ತುಳುವರು ನಮ್ಮ ಹಿರಿಯ ಹೆಂಗಸರನ್ನು ಕರೆಯುವುದೇ ಬಾಯಮ್ಮ ಎಂದು. ಮಾಂಯ್ ಕೈ ಎತ್ತಿ, "ನಿನ್ನ ಬಟ್ಟೆ ತೊಳೆದ ಸೋಪಿನ ನೀರು ಹಾಕ್ಬೇಡ ಮಾರಾಯ್ತಿ, ಬಾವಿ ನೀರು ಹಾಕು" ಎಂದಳು.

ಆಸ್ಪತ್ರೆಯ ಕೆಳಗಿನ ಶೆಡ್ಡಿನಲ್ಲಿ ನಮ್ಮನ್ನು ಕೂರಿಸಿದ್ದರು. ಪ್ಲಾಸ್ಟಿಕ್ ಕುರ್ಚಿಗಳು, ಮೇಲೆ ಶೀಟು, ಕೆಂಡದ ಹಾಗೆ ಸೆಕೆ. ಒಂದೇ ಆಕ್ಸಿಜನ್ ಸಿಲಿಂಡರಿನ ಪಕ್ಕ ಮಾಂಯ್ ಮತ್ತು ಒಬ್ಬ ಬ್ಯಾರಿ ಮುಸ್ಲಿಂ ಅಜ್ಜ ಸರದಿಯಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದರು. ಅಜ್ಜ ಮಾಸ್ಕು ತೆಗೆದು, "ನೀವು ಹಾಕಿ ಬಾಯಮ್ಮ" ಎನ್ನುವುದು. ಇವಳು, "ನಿಮ್ಮದು ಆಗಲಿ" ಎನ್ನುವುದು. ನನ್ನ ಹೆಸರು ಯಾವಾಗ ಕರೆಯುತ್ತಾರೋ, ಅವಳ ಹೆಸರು ಯಾವಾಗ ಕರೆಯುತ್ತಾರೋ ಎಂದು ಕಾಯುತ್ತ ನಾನು ಆ ಇಬ್ಬರ ಬಾಯುಪಚಾರ ನೋಡುತ್ತಿದ್ದೆ. ಕೊನೆಗೆ ಅವಳನ್ನು ಮೇಲಿನ ಮಾಳಿಗೆಯ ಐಸಿಯುಗೆ, ನನ್ನನ್ನು ಕೆಳಗಿನ ವಾರ್ಡಿಗೆ ಹಾಕಿದರು. ಲಿಫ್ಟಿನ ಬಾಗಿಲು ಮುಚ್ಚುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು: "ಪಾದ್ರಿಗೆ ಹೇಳು."

ಹೇಳುವುದು ಹೇಗೆ? ವಾರ್ಡಿನಲ್ಲಿ ನನ್ನ ಮೂಗಿಗೆ ನಳಿಗೆ, ಬೋರಲು ಮಲಗಬೇಕು ಎಂದು ಆರ್ಡರು. ಮಾತಾಡಿದರೆ ನಂಬರು ಇಳಿಯುತ್ತದೆ, ಸಿಸ್ಟರ್ ಬೈಯುತ್ತಾರೆ. ಮಾಂಯ್ ಇದ್ದದ್ದು ನನ್ನ ತಲೆಯ ಮೇಲೆ, ನಡುವೆ ಬರೀ ಒಂದು ಸ್ಲ್ಯಾಬು. ನನಗೆ ಆ ಮೆಟ್ಟಿಲು ಹತ್ತಲು ಬಿಡಿ, ಬಾತ್‌ರೂಮಿಗೆ ಹೋಗಿ ಬರಲೂ ಆಗುತ್ತಿರಲಿಲ್ಲ. ತಮ್ಮ ಕುವೈತಿನಿಂದ ಫೋನು ಮಾಡಿ ಸುಮ್ಮನೆ ಅಳುತ್ತಿದ್ದ. ವಿಮಾನ ಇಲ್ಲ, ರಜೆ ಇಲ್ಲ. ನನಗೆ ಅವನ ಮೇಲೆ ಸಿಟ್ಟು, ಡಾಕ್ಟರ ಮೇಲೆ ಸಿಟ್ಟು, ದೇವರ ಮೇಲಂತೂ ಹೇಳಲಾಗದಷ್ಟು ಸಿಟ್ಟು. ಅವನ ಪೀಠದ ಬಟ್ಟೆಗೆ ಒಂದು ಸುಕ್ಕು ಇಲ್ಲದಂತೆ ಇಸ್ತ್ರಿ ಹಾಕಿ ಕೊಟ್ಟವಳಿಗೆ ಒಬ್ಬ ಪಾದ್ರಿಯನ್ನು ಕಳಿಸಲಿಕ್ಕೆ ಅವನಿಗೆ ಆಗುವುದಿಲ್ಲವಾ ಎಂದು ತಲೆದಿಂಬಿಗೆ ಬಾಯಿ ಒತ್ತಿ ಕೇಳಿದೆ.

ಶಕುಂತಲಕ್ಕನಿಗೆ ಮೆಸೇಜು ಹಾಕಿದೆ. ಅವರು ಸ್ಕೂಟರಿನಲ್ಲಿ ಇಗರ್ಜಿಗೆ ಹೋಗಿ, ಬೀಗ ಹಾಕಿದ ಗೇಟಿನ ಹೊರಗೆ ನಿಂತು, ಒಳಗೆ ಜಗಲಿಯಲ್ಲಿದ್ದ ಚಿಕ್ಕ ಪಾದ್ರಿಗೆ ಕೇಳುವ ಹಾಗೆ ಕೂಗಿದರಂತೆ: "ಫಾದರ್, ನಮ್ಮ ಬಾಯಮ್ಮನಿಗೆ ನಿಮ್ಮ ಆ ಎಣ್ಣೆ ಬೇಕಂತೆ ಮಾರ್ರೆ! ಬೇಗ ಕೊಡಿ, ನಾನೇ ತಗೊಂಡು ಹೋಗಿ ಕೊಡ್ತೇನೆ!"

ಎಣ್ಣೆಯನ್ನು ಬಾಟ್ಲಿಯಲ್ಲಿ ಕೊಂಡುಹೋಗುವುದಲ್ಲ, ಪಾದ್ರಿಯೇ ಹಚ್ಚಬೇಕು ಎಂದು ಅವರಿಗೆ ತಿಳಿಸಿ ಹೇಳಬೇಕಾಯಿತು. ಚಿಕ್ಕ ಪಾದ್ರಿ ಹೊಸಬರು, ಆ ವರ್ಷವೇ ನಮ್ಮಲ್ಲಿಗೆ ಬಂದವರು. "ಆಸ್ಪತ್ರೆಯವರು ಒಳಗೆ ಬಿಡುದಿಲ್ಲ ಅಕ್ಕ. ಕೇಳಿ ನೋಡ್ತೇನೆ" ಎಂದರಂತೆ. ಕೇಳಿ ನೋಡ್ತೇನೆ ಎಂದರೆ ಆಗಲಿಕ್ಕಿಲ್ಲ ಎಂದೇ ಅರ್ಥ ಮಾಡಿಕೊಂಡೆ.

ಮೇಲಿನ ಸಿಸ್ಟರ್ ಒಳ್ಳೆಯವರು. ಸಂಜೆ ಸ್ವಲ್ಪ ಬಿಡುವಾದಾಗ ಮಾಂಯ್‌ನ ಕಿವಿಗೆ ಫೋನು ಹಿಡಿಯುತ್ತಿದ್ದರು. ಮೆಷಿನಿನ ಗಾಳಿ ಭರ್ರೆಂದು ಹೊಡೆಯುವ ಸದ್ದು, ಅದರ ನಡುವೆ ಅವಳ ಸ್ವರ. ಪ್ರತಿ ಸಲವೂ ಮೊದಲ ಪ್ರಶ್ನೆ ಅದೇ. "ಪಾದ್ರಿ ಎಂತ ಹೇಳಿದ್ರು?"

"ಬರ್ತಾರಂತೆ ಮಾಂಯ್."

"ಬರ್ತಾರಂತೆ, ಬರ್ತಾರಂತೆ. ನಾನು ಹೋದ ಮೇಲೆ ಬರ್ಲಿ."

ಒಂದು ಸಂಜೆ ಅವಳ ಸ್ವರದಲ್ಲಿ ಹಳೆಯ ಖಾರ ಇತ್ತು. ನನಗೆ ಜೀವ ಬಂದ ಹಾಗಾಯಿತು. ನಡುನಡುವೆ ಉಸಿರು ತೆಗೆದುಕೊಳ್ಳುತ್ತ ದೂರು ಹೇಳಿದಳು.

"ಇವತ್ತು ಪುನಃ ಆ ಸ್ವಾಬಿನವ ಬಂದಿದ್ದ. ಈ ಸಲ ಯಾರೋ ಹೊಸಬ. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕು. ಮೂಗು ಬಿಟ್ಟು ಹಣೆಗೆ ಹಾಕ್ತಾನೆ! ಮತ್ತೆ ಕೈ ಬಿಡಿಸಿ ಅಂಗೈಗೆ ಹಾಕ್ತಾನೆ! ನಾನು ಬಿಡ್ತೇನಾ? ನಿನಗೆ ಮೂಗು ಎಲ್ಲಿ ಹಣೆ ಎಲ್ಲಿ ಗೊತ್ತಿಲ್ವಾ, ಯಾವ ಕತ್ತೆ ನಿನಗೆ ಕೆಲಸ ಕೊಟ್ಟದ್ದು ಅಂತ ಕೇಳಿದೆ. ನಾನು ಬೈದ ಹಾಗೆ ಅವ ತಲೆ ಬಗ್ಗಿಸ್ತಾನೆ ಮಾರಾಯ್ತಿ! ನಾಚಿಕೆ ಇಲ್ಲದವ."

ಹಣೆ. ಅಂಗೈ.

"ಮಾಂಯ್, ಅದು ಸ್ವಾಬ್ ಅಲ್ಲ. ಅದು ಪಾದ್ರಿ. ನಿನಗೆ ಎಣ್ಣೆ ಹಾಕಿದ್ದಾರೆ."

ಅವಳು ಮೆಲ್ಲ ಹೇಳಿದಳು. "ಸುಳ್ಳು ಹೇಳ್ಬೇಡ ಲೀನಾ. ನನ್ನ ಸಮಾಧಾನಕ್ಕೆ ಹೇಳ್ತಿ ನೀನು."

"ದೇವರಾಣೆ ಮಾಂಯ್!"

"ಬತ್ತಿ ಇಲ್ಲ, ಶಿಲುಬೆ ಇಲ್ಲ, ನಿಲುವಂಗಿ ಇಲ್ಲ. ಬೆರಳಲ್ಲಿ ಹಚ್ಚುದು ಬಿಟ್ಟು ಕಡ್ಡಿಯಲ್ಲಿ ಹಚ್ಚುವ ಪಾದ್ರಿ ಎಲ್ಲಿ ಉಂಟು? ಕೊಂಕಣಿಯ ಒಂದು ಶಬ್ದ ನಾನು ಕೇಳ್ಲಿಲ್ಲ."

ಆ ಮೆಷಿನಿನ ಸದ್ದಿನಲ್ಲಿ, ಪಾದ್ರಿಯ ಎರಡೆರಡು ಮಾಸ್ಕಿನ ಹಿಂದಿನಿಂದ ಅವಳಿಗೆ ಕೇಳುವುದಾದರೂ ಹೇಗೆ? ನಾನು ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಫೋನು ಹಿಡಿದ ಸಿಸ್ಟರ್ ಸಂಜೆಯ ಪಾಳಿಯವರು, ಅವರಿಗೂ ಗೊತ್ತಿರಲಿಲ್ಲ. ಸಾಯುವವರಿಗೆ ಮನೆಯವರು ಸುಳ್ಳು ಹೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು, ಅಪ್ಪನಿಗೆ ಅವಳೇ ಹೇಳಿದ್ದಳಲ್ಲ. ನಿಜ ನನ್ನ ಬಾಯಲ್ಲಿ ಉಂಟು, ಅವಳಿಗೆ ಅದು ಮುಟ್ಟುವುದಿಲ್ಲ. ನನ್ನ ಶ್ವಾಸ ಏರಿತು, ಪಕ್ಕದ ಮೆಷಿನು ಕೂಗತೊಡಗಿತು, ನನ್ನ ಸಿಸ್ಟರ್ ಫೋನು ಕೊಡಿ ಎಂದು ಕೈಚಾಚಿದರು. ಆಗ ಎಲ್ಲಿಂದ ನೆನಪಾಯಿತೋ, ಅಪ್ಪನ ಕೋಣೆ, ನನ್ನ ಕೈಗೆ ಬಿದ್ದ ಪೆಟ್ಟು.

"ಮಾಂಯ್, ಆ ಹತ್ತಿ ಕಡ್ಡಿ ಎಲ್ಲಿ ಹಾಕಿದ ಅವ?"

"ಎಂತ?"

"ಹತ್ತಿ. ಕೆಲಸ ಆದ ಮೇಲೆ ಎಲ್ಲಿ ಹಾಕಿದ? ಹಳದಿ ಬಕೆಟಿಗೆ ಹಾಕಿದನಾ?"

ಅಲ್ಲಿ ಎಲ್ಲವನ್ನೂ ಹಳದಿ ಚೀಲದ ಬಕೆಟಿಗೆ ಹಾಕುತ್ತಾರೆ. ಸೂಜಿ ಬಿಟ್ಟು ಮುಟ್ಟಿದ್ದೆಲ್ಲ ಅದಕ್ಕೇ.

ಅವಳು ಯೋಚಿಸಿದಳು. "ಇಲ್ಲ. ಒಂದು ಬಿಳಿ ಕಾಗದದಲ್ಲಿ ಸುತ್ತಿದ. ಮಡಚಿ ಮಡಚಿ ಸುತ್ತಿದ. ಸಿಸ್ಟರ್ ಬಕೆಟ್ ತೋರಿಸಿದ್ರು, ಅದಕ್ಕೆ ಹಾಕ್ಲಿಲ್ಲ. ಕೈಯಲ್ಲೇ..."

ಅಲ್ಲಿಗೆ ನಿಂತಳು.

"ಕೈಯಲ್ಲೇ ಹಿಡ್ಕೊಂಡು ಹೋದ," ಎಂದಳು. ಮತ್ತೆ ಯೇಸುವನ್ನು ಕರೆದು, "ಜೆಜು! ನಾನು ಪಾದ್ರಿಗೆ ಕತ್ತೆ ಅಂದೆ."

ನಾನು ನಕ್ಕೆ, ಅಳುತ್ತ ನಕ್ಕೆ. ಅವಳು ನಗಲಿಲ್ಲ. ಎಣ್ಣೆ ಸಿಕ್ಕಿತೆಂಬ ಸಂತೋಷ ಅವಳಿಗೆ ಅರೆಗಳಿಗೆಯೂ ಇರಲಿಲ್ಲ. ಮರುದಿನದಿಂದ ಹೊಸ ಚಿಂತೆ ಹಿಡಿಯಿತು. ಸಂಸ್ಕಾರದ ನಡುವೆ ಪಾದ್ರಿಯನ್ನು ಬೈದದ್ದು ಪಾಪ. ಎಣ್ಣೆಯಿಂದ ಹಿಂದಿನ ಪಾಪ ಹೋಯಿತು, ಆದರೆ ಇದು ಎಣ್ಣೆ ಹಚ್ಚುವಾಗಲೇ ಮಾಡಿದ ಪಾಪ, ಇದು ಯಾವ ಲೆಕ್ಕಕ್ಕೆ? ಅದಕ್ಕೆ ಕುಮ್ಸಾರ್ ಆಗಬೇಕು. ಪಾದ್ರಿಯ ಎದುರು ಪಾಪ ಹೇಳಿ ಕ್ಷಮೆ ಪಡೆಯುವುದಕ್ಕೆ ನಾವು ಕುಮ್ಸಾರ್ ಎನ್ನುತ್ತೇವೆ. ನನ್ನ ಪುಣ್ಯಾತ್ಗಿತ್ತಿ ಅಮ್ಮ, ಒಂದು ಸಂಸ್ಕಾರ ಸಿಕ್ಕಿದ ಕೂಡಲೇ ಇನ್ನೊಂದು ಕೇಳತೊಡಗಿದಳು.

ಶಕುಂತಲಕ್ಕ ಮತ್ತೆ ಸ್ಕೂಟರ್ ತೆಗೆದರು. ಚಿಕ್ಕ ಪಾದ್ರಿಗೆ ಜ್ವರ ಬಂದು ಬೇರೆ ಆಸ್ಪತ್ರೆಗೆ ಸೇರಿಸಿದ್ದರು, ಅವರ ಫೋನು ಬಂದ್. ದೊಡ್ಡ ಪಾದ್ರಿ ಸಿಕ್ಕಿದರು. ಫೋನಿನಲ್ಲಿ ಕುಮ್ಸಾರ್ ಮಾಡಲಿಕ್ಕೆ ನಿಯಮ ಇಲ್ಲ, ಮನಸ್ಸಿನಲ್ಲೇ ಪಶ್ಚಾತ್ತಾಪ ಪಟ್ಟರೆ ದೇವರಿಗೆ ಸಾಕು ಎಂದು ಹೇಳಿ ಕಳಿಸಿದರು. ಅದನ್ನೇ ಮಾಂಯ್‌ಗೆ ಹೇಳಿದೆ.

"ದೇವರಿಗೆ ಸಾಕು," ಎಂದಳು. "ಆ ಹುಡುಗ ಪಾದ್ರಿಗೆ ಸಾಕಾ? ನನ್ನ ಹತ್ರ ಬಂದು ಅವರಿಗೆ ಜ್ವರ ಬಂತಾ?"

ಚಿಕ್ಕ ಪಾದ್ರಿಗೆ ಮತ್ತೆ ಫೋನು ಮಾಡಿ ನೋಡಿದೆ, ಬಂದ್.

ಅವಳ ಜೊತೆ ಕಡೆಯ ಸಲ ಮಾತಾಡಿದ ದಿನ ಅವಳಿಗೆ ಮಾತೇ ಆಗುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಸಂಜೆ ಜಪಸರ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಕೇಳಬೇಕು, ಆಶೀರ್ವಾದ. ಈ ವಯಸ್ಸಿನಲ್ಲೂ ನಾನು ಕೇಳುತ್ತಿದ್ದೆ. ಬೋರಲು ಮಲಗಿಕೊಂಡೇ ಫೋನಿಗೆ, "ಬೆಸಾಂವ್ ದಿ ಮಾಂಯ್" ಎಂದೆ. ದೇವರು ಒಳ್ಳೆಯದು ಮಾಡಲಿ ಎಂದು ಅವಳು ಹೇಳಬೇಕು. ಅಷ್ಟು ಉದ್ದದ ಮಾತಿಗೆ ಶ್ವಾಸ ಸಾಲಲಿಲ್ಲ. "ದೇವ್" ಎಂದಳು, ಸಿಸ್ಟರ್ ಫೋನು ತೆಗೆದರು.

ಮರುದಿನ ಮಧ್ಯಾಹ್ನ ನನ್ನ ಗಂಜಿಯ ತಟ್ಟೆ ಬಂದ ಹೊತ್ತಿಗೆ ಡಾಕ್ಟರು ಬಂದು ಹೇಳಿದರು. ನಾನು ಗಂಜಿ ಉಂಡೆ. ಜನ ನಂಬುವುದಿಲ್ಲ, ಆದರೆ ಉಂಡೆ, ಬೇರೆ ಎಂತ ಮಾಡುವುದು ಎಂದು ತಿಳಿಯಲಿಲ್ಲ. ಸಂಜೆ ನಮ್ಮ ಇಗರ್ಜಿಯ ಹುಡುಗರು ಆ ಬಿಳಿ ಪ್ಲಾಸ್ಟಿಕ್ಕಿನ ಉಡುಪು ತೊಟ್ಟು ಅವಳನ್ನು ಮಣ್ಣು ಮಾಡಿದರು. ಶಕುಂತಲಕ್ಕ ಸ್ಮಶಾನದ ಗೇಟಿನ ಹೊರಗಿನಿಂದ ವಿಡಿಯೋ ಮಾಡಿ ಕಳಿಸಿದರು. ಅದರಲ್ಲಿ ಅವರ ಬಿಕ್ಕಳಿಕೆ ಕೇಳುತ್ತದೆ, ಪ್ರಾರ್ಥನೆ ಕೇಳುವುದಿಲ್ಲ. ಒಂದು ಹಿಡಿ ಮಣ್ಣು ಹಾಕಲಿಕ್ಕೆ ನನಗೂ ಆಗಲಿಲ್ಲ, ತಮ್ಮನಿಗೂ ಆಗಲಿಲ್ಲ. ಯಾರೋ ಒಬ್ಬ ಹುಡುಗ ಎರಡು ಸಲ ಜಾಸ್ತಿ ಹಾಕಿದ. ನಮ್ಮಿಬ್ಬರ ಪರವಾಗಿ ಹಾಕಿದ್ದು ಎಂದು ನಾನು ಅಂದುಕೊಂಡಿದ್ದೇನೆ.

ನಾನು ಮನೆಗೆ ಬಂದೆ. ಅಡುಗೆಮನೆಯಿಂದ ಚಾವಡಿಗೆ ಬರುವಷ್ಟರಲ್ಲಿ ಕೂರಬೇಕಾಗುತ್ತಿತ್ತು. ತಲೆಗೂದಲು ಉದುರಿತು. ಕ್ಲಾಸಿನಲ್ಲಿ ಪದ್ಯ ಓದುವಾಗ ಸಾಲಿನ ಮಧ್ಯದಲ್ಲಿ ಉಸಿರು ನಿಂತು, ಮಕ್ಕಳೇ ಉಳಿದದ್ದನ್ನು ಓದಿ ಮುಗಿಸುತ್ತಿದ್ದರು. ಹೀಗಾದವರು ಯಾರಾದರೂ ಇದನ್ನು ಓದುತ್ತಿದ್ದರೆ ಹೇಳುತ್ತೇನೆ, ಮೆಲ್ಲ ಮೆಲ್ಲ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ, ನನ್ನದು ಹೋಗಿಲ್ಲ.

ಇಗರ್ಜಿ ಮತ್ತೆ ತೆರೆದ ಮೇಲೆ ಪಾದ್ರಿಗಳು ಕುಮ್ಸಾರನ್ನು ಮೊದಲಿನ ಹಾಗೆ ಮರದ ಗೂಡಿನಲ್ಲಿ ಕೇಳುತ್ತಿರಲಿಲ್ಲ, ಗಾಳಿ ಆಡಬೇಕೆಂದು ಹೊರಗೆ ಮಾವಿನ ಮರದ ಕೆಳಗೆ ಎರಡು ಕುರ್ಚಿ ದೂರ ದೂರ ಇಟ್ಟಿದ್ದರು. ಚಿಕ್ಕ ಪಾದ್ರಿ ಕೂತಿದ್ದರು. ಬದುಕಿದ್ದರು! ಬಡಕಲಾಗಿದ್ದರು, ನನ್ನ ಹಾಗೆಯೇ ಕೆಮ್ಮುತ್ತಿದ್ದರು.

"ಫಾದರ್, ನನ್ನದು ಮತ್ತೆ ಹೇಳ್ತೇನೆ. ಮೊದಲು ಅಮ್ಮನದು," ಎಂದೆ.

"ಇನ್ನೊಬ್ಬರ ಕುಮ್ಸಾರ್ ಮಾಡ್ಲಿಕ್ಕೆ ಆಗುದಿಲ್ಲ ಟೀಚರ್."

"ಗೊತ್ತುಂಟು. ಕುಮ್ಸಾರ್ ಅಲ್ಲ, ಸುಮ್ಮನೆ ಕೇಳಿ."

ಹೇಳಿದೆ. ಸ್ವಾಬಿನವ, ಹಣೆ, ಮೂಗು, ಕತ್ತೆ, ಎಲ್ಲ ಹೇಳಿದೆ. ಅವಳು ಅದೇ ಚಿಂತೆಯಲ್ಲಿ ಹೋದಳು, ದಯವಿಟ್ಟು ಕ್ಷಮಿಸಿದೆ ಎನ್ನಿ ಎಂದೆ. ಮಾಸ್ಕಿನ ಮೇಲಿನ ಕಣ್ಣುಗಳನ್ನು ನೋಡಿ ನನಗೆ ಹೆದರಿಕೆಯಾಯಿತು.

"ಆ ಡ್ರೆಸ್ಸಿನ ಒಳಗೆ ನನಗೆ ಎಂತದೂ ಕೇಳ್ತಿರ್ಲಿಲ್ಲ ಟೀಚರ್," ಎಂದರು. "ನನ್ನ ಉಸಿರೇ ನನಗೆ ಕೇಳ್ತಿತ್ತು. ಕನ್ನಡಕದ ಒಳಗೆ ಬೆವರು. ಅಮ್ಮನ ಬಾಯಿ ಅಲುಗುದು ಮಾತ್ರ ಕಾಣ್ತಿತ್ತು. ಅಷ್ಟು ಕಷ್ಟದಲ್ಲಿ ಸಹ ಇವರು ನನ್ನ ಜೊತೆ ಪ್ರಾರ್ಥನೆ ಹೇಳ್ತಿದ್ದಾರಲ್ಲ ಅಂತ ನಾನು..."

"ಅಂತ?"

"ಪ್ರತಿ ಮಾತಿಗೂ ತಲೆ ಬಗ್ಗಿಸಿ ಆಮೆನ್ ಹೇಳಿದೆ."

ನನಗೆ ನಗು ಉಕ್ಕಿ ಬಂತು. ನಗಲಿಕ್ಕೆ ಹೋಗಿ ಕೆಮ್ಮು ಹಿಡಿಯಿತು, ಕುರ್ಚಿಯ ಕೈ ಹಿಡಿದು ಬಗ್ಗಿದೆ, ಅವರೂ ನಗುತ್ತ ಕೆಮ್ಮುತ್ತ ಬಗ್ಗಿದರು. ಸಾಲಿನಲ್ಲಿ ನಿಂತಿದ್ದವರು ನಮ್ಮಿಂದ ಇನ್ನೆರಡು ಹೆಜ್ಜೆ ಹಿಂದೆ ಸರಿದರು. ಯಾವ ಕತ್ತೆ ನಿನಗೆ ಕೆಲಸ ಕೊಟ್ಟದ್ದು? ಆಮೆನ್! ಇದನ್ನು ಕೇಳಿದ್ದರೆ ಮಾಂಯ್ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು, ನಿಶ್ಚಿಂತೆಯಿಂದ ಕಣ್ಣು ಮುಚ್ಚುತ್ತಿದ್ದಳು. ಅವಳಿಗೆ ಹೇಳಲಿಕ್ಕೆ ಇದ್ದದ್ದು ಇಷ್ಟೇ. ಅವರು ಕೇಳಲೇ ಇಲ್ಲ ಮಾಂಯ್, ನೀನು ಸುಮ್ಮನೆ ಹೆದರಿದ್ದು.

ಕೆಮ್ಮು ನಿಂತ ಮೇಲೆ ಚಿಕ್ಕ ಪಾದ್ರಿ ಕಣ್ಣು ಒರೆಸಿಕೊಂಡು, "ಈಗ ನಿಮ್ಮ ಪಾಪ ಹೇಳಿ ಟೀಚರ್" ಎಂದರು. ನನಗೆ ಒಂದೂ ನೆನಪಾಗಲಿಲ್ಲ.